ಎರಡು ಕಿಲೋ ತೂಗಿದರೂ ಕಳಚದ ಗುಂಡವ್ವನ ಬೆಸುಗೆ

ತಾಳಿಕೋಟೆಯಲ್ಲಿ ಬೆಳಗಿನ ಐದೂವರೆ. ಆಗಲೇ ಸೆಖೆ ಶುರುವಾಗಿದೆ. ಆದರೂ ಬಸ್ ನಿಲ್ದಾಣದ ಹಿಂದಿನ ಈ ತಗಡಿನ ಅಂಗಡಿಯಲ್ಲಿ ಫ್ಯಾನ್ ತಿರುಗುತ್ತಿಲ್ಲ. ಹಾಕಬಾರದೇ ಎಂದು ಕೇಳಿದ ನನಗೆ ಗುಂಡವ್ವ ತಲೆ ಎತ್ತದೆಯೇ ಹೇಳುತ್ತಾರೆ: "ಗಾಳಿ ಬಡದ್ರ ಬೆಸಗಿ ಸರಿ ಹಿಡಿಯಂಗಿಲ್ರಿ. ಸೆಕಿ ಆದ್ರ ಹೊರಗ ಕೂಡ್ರಿ." ನಾನು ಒಳಗೇ ಕೂತು ಬೆವರುತ್ತೇನೆ.

ರಿಮೋಟಿನಿಂದ ಹಾರುವ ಪುಟ್ಟ ವಿಮಾನ, ಓಡುವ ಕಾರುಗಳ ಬ್ಯಾಟರಿಗೆ, ಅದನ್ನು ಮೋಟಾರಿಗೆ ಜೋಡಿಸುವ ಕನೆಕ್ಟರ್ ಬೆಸೆಯುವುದು ಐವತ್ತರ ಗುಂಡವ್ವನ ಕಸುಬು. ಇಂಡಿ, ಸಿಂದಗಿ, ಮುದ್ದೇಬಿಹಾಳದ ಹವ್ಯಾಸಿಗಳೆಲ್ಲ ಇವರ ಗಿರಾಕಿಗಳೇ. ಬಿಸಿಲೇರುವುದರೊಳಗೆ ಹತ್ತು ಜೋಡಿ ಮುಗಿಯಬೇಕು. ಯಾರು ಬಂದರೂ ಮೊದಲ ಪ್ರಶ್ನೆ, ಮೋಟಾರ್ ಎಷ್ಟು ಆಂಪಿಯರ್ ಎಳೆಯುತ್ತದೆ ಎಂಬುದು. ಚಿಕ್ಕ ಕಾರಿಗೆ ಕೆಂಪು ಸಣ್ಣ ಕನೆಕ್ಟರ್, ವಿಮಾನಕ್ಕೆ ಹಳದಿ ದಪ್ಪದ್ದು. ಸಣ್ಣದರಲ್ಲೇ ಮುಗಿಸಿಬಿಡಿ ಎಂದವರ ಬ್ಯಾಟರಿ ಮುಟ್ಟದೆ ವಾಪಸ್ ಕೊಡುತ್ತಾರೆ. ಬೆಸೆದ ಮೇಲೆ ಪ್ರತಿ ವೈರ್‌ಗೂ ತಕ್ಕಡಿಯ ಎರಡು ಕಿಲೋ ತೂಕದ ಬಟ್ಟು ನೇತುಹಾಕಿ ನೂರು ಎಣಿಸುತ್ತಾರೆ. ಅದು ಇವರದೇ ಪದ್ಧತಿ, ಯಾವ ಪುಸ್ತಕದಲ್ಲೂ ಇಲ್ಲ.

ಗಂಡ ತೀರಿಕೊಂಡ ಮೇಲೆ ಖಲೀಲ ಅವರ ಪಂಪ್‌ಸೆಟ್ ರಿಪೇರಿ ಅಂಗಡಿಗೆ ಕಸ ಗುಡಿಸಲು ಸೇರಿದವರು ಗುಂಡವ್ವ. ನೋಡಿ ನೋಡಿಯೇ ಕೆಲಸ ಕಲಿತರು. ಬೆಸುಗೆಯನ್ನು ಮುಚ್ಚುವ ರಬ್ಬರ್ ಕೊಳವೆಯನ್ನು, ಇವರ ಮಾತಲ್ಲಿ ತೋಳನ್ನು, ಮೊದಲೇ ವೈರ್‌ಗೆ ಏರಿಸುವುದನ್ನು ಮರೆತು ಬೆಸೆದು, ಮತ್ತೆ ಬಿಚ್ಚಿದ ದಿನಗಳಿಗೆ ಲೆಕ್ಕವಿಲ್ಲ. ಖಲೀಲ ನಕ್ಕರೇ ಹೊರತು ಬೈಯಲಿಲ್ಲ. ಹೆಣ್ಣುಮಗಳ ಕೈಗೆ ಬೆಂಕಿ ಯಾಕೆ ಎಂದು ಮೂಗು ಮುರಿದವರು ಗಿರಾಕಿಗಳು. "ದಿನಾ ಒಲಿ ಮುಂದ ಕುಂತಾಗ ಯಾರೂ ಕೇಳಿದ್ದಿಲ್ಲ," ಎನ್ನುತ್ತಾರೆ ಗುಂಡವ್ವ.

ಹೋದ ತಿಂಗಳು ಮಸೂತಿ ಎಂಬ ಊರಿನ ಬಯಲಲ್ಲಿ ಜಯತೀರ್ಥ ಮಾಸ್ತರರ ವಿಮಾನ ಹಾರುತ್ತಿದ್ದಂತೆಯೇ ಮೋಟಾರ್ ನಿಂತು ಬಿತ್ತು. ಬಸವನ ಬಾಗೇವಾಡಿಯ ಈ ವಿಜ್ಞಾನ ಶಿಕ್ಷಕರು ಅಲ್ಲಿಯವರೆಗೆ, ಬೆಸುಗೆ ಯಾರದು ಎಂದು ಯಾರಾದರೂ ಮೆಚ್ಚಿ ಕೇಳಿದರೆ ಪುಣೆಯಲ್ಲಿ ಮಾಡಿಸಿದ್ದು ಎನ್ನುತ್ತಿದ್ದರು. ಬಿದ್ದ ಕೂಡಲೇ ಗುಂಡವ್ವನ ಹೆಸರು ನೆನಪಾಯಿತು, ನೋಡಿ! ಅವರ ಬೆಸುಗೆ ಕಳಚಿಯೇ ವಿಮಾನ ಬಿತ್ತೆಂದು ಹವ್ಯಾಸಿಗಳ ವಾಟ್ಸಾಪ್ ಗುಂಪಿನಲ್ಲಿ ಬರೆದೂಬಿಟ್ಟರು. ವಾರದೊಳಗೆ ಅಂಗಡಿಗೆ ಬರುವವರೇ ನಿಂತರು. ಇಪ್ಪತ್ತು ವರ್ಷದ ಹೆಸರು ಒಂದು ಸಾಲಿನಲ್ಲಿ ಮಣ್ಣುಪಾಲಾದರೆ ಯಾರಿಗೆ ಸಿಟ್ಟು ಬರುವುದಿಲ್ಲ? ನನಗಂತೂ ಕೇಳಿದಾಗ ಮೈ ಉರಿಯಿತು.

ಮುಂದಿನ ಭಾನುವಾರ ಗುಂಡವ್ವ ಬಟ್ಟನ್ನು ಚೀಲದಲ್ಲಿಟ್ಟುಕೊಂಡು ಎರಡು ಬಸ್ ಬದಲಿಸಿ ಮಸೂತಿಗೆ ಹೋದರು. ಬಿದ್ದ ವಿಮಾನ ತರಿಸಿದರು. ಕನೆಕ್ಟರಿಗೆ ಎರಡು ಅರ್ಧ. ಬ್ಯಾಟರಿ ಕಡೆಯದು ಇವರು ಬೆಸೆದದ್ದು, ವಿಮಾನದ ಕಡೆಯದು ಸಿದ್ಧವಾಗಿಯೇ ಬಂದದ್ದು. ಎಲ್ಲರೆದುರು ಮೊದಲು ತಮ್ಮದಕ್ಕೆ ಬಟ್ಟು ತೂಗುಹಾಕಿದರು. ನೂರು ಎಣಿಸಿದರೂ ಅಲುಗಲಿಲ್ಲ. ಇನ್ನೊಂದಕ್ಕೆ ಹಾಕಿದರು, ನಾಲ್ಕು ಎನ್ನುವಷ್ಟರಲ್ಲಿ ವೈರು ತೋಳಿನೊಳಗಿಂದ ಜಾರಿ ಬಟ್ಟು ನೆಲಕ್ಕೆ ಬಿತ್ತು. ಒಳಗೆ ಬೆಸುಗೆಯ ಸೀಸ ವೈರ್‌ಗೆ ಹಿಡಿದೇ ಇರಲಿಲ್ಲ. ಮಾಸ್ತರರು ತಪ್ಪಾಯಿತು ಎಂದರಂತೆ, ಆದರೆ ಮೆಲ್ಲಗೆ, ಗುಂಡವ್ವನಿಗೆ ಮಾತ್ರ ಕೇಳುವಷ್ಟು.

ಈ ದಿನ ಮೊದಲ ಬಸ್ಸಿಗೆ ಮಾಸ್ತರರೇ ಅಂಗಡಿಗೆ ಬಂದಿದ್ದಾರೆ. ಕಂಕುಳಲ್ಲಿ ವಿಮಾನ. ಎರಡೂ ಅರ್ಧ ನೀವೇ ಮಾಡಿಕೊಡಿ ಎನ್ನುತ್ತಾರೆ. ಗುಂಡವ್ವ ಬೆಸೆಯಲು ಕಾದ ಐರನ್ನಿನ ಸ್ವಿಚ್ ಆರಿಸಿ, ಕೈ ಕಟ್ಟಿ ಕೂರುತ್ತಾರೆ.

"ಬಿದ್ದಾಗ ನನ್ನ ಹೆಸರು ನಾಕೂ ತಾಲೂಕಿಗೆ ಹೇಳಿದ್ರಿ, ಸರ್. ಹಾರಿದಾಗನೂ ಹೇಳ್ರಿ. ಆಗಂಗಿಲ್ಲಂದ್ರ ಪುಣೇಕ್ಕ ಒಯ್ರಿ."

ಮಾಸ್ತರರು ನಿಂತಲ್ಲೇ ಫೋನ್ ತೆಗೆದು, ಅದೇ ಗುಂಪಿನಲ್ಲಿ ಬರೆಯುತ್ತಾರೆ. ಗುಂಡವ್ವನ ಬೆಸುಗೆಯ ತಪ್ಪಲ್ಲ, ನನ್ನ ಮಾತಿನ ತಪ್ಪು ಎಂದು. ನನ್ನಿಂದ ಅದನ್ನು ಎರಡು ಸಲ ಗಟ್ಟಿಯಾಗಿ ಓದಿಸಿದ ಮೇಲೇ ಗುಂಡವ್ವನ ಕೈ ಸ್ವಿಚ್ಚಿನ ಕಡೆ ಹೋಗುತ್ತದೆ. ಅಲ್ಲೇ ನಿಲ್ಲುತ್ತದೆ.

"ಬರೇ ಗುಂಡವ್ವ ಅಂದ್ರ ಯಾಂವಗ ತಿಳಿತೈತ್ರಿ? ತಾಳಿಕೋಟಿ ಗುಂಡವ್ವ ಅಂತ ಬರೀರಿ."