ಹುಳ ಜ್ವರ ಎದ್ದಾಗ ಬಂದ ಅಕ್ಕ

ಮೊದಲ ಲಾಕ್‌ಡೌನಿನಲ್ಲಿ ಚಿಂತಾಮಣಿ ಕಡೆಯ ನಮ್ಮ ಹಳ್ಳಿಗೆ ಬರುತ್ತಿದ್ದುದು ಹಾಲಿನ ವ್ಯಾನ್ ಒಂದೇ. ಒಂದು ಸೋಮವಾರ ಬೆಳಿಗ್ಗೆ ಅದರಿಂದ ಅಕ್ಕ ಇಳಿದಳು. ಜಂಗಮಕೋಟೆ ಹತ್ತಿರದ ಗಂಡನ ಮನೆಯಿಂದ ಎರಡು ವ್ಯಾನ್ ಬದಲಿಸಿ ಬಂದಿದ್ದಳು. ಮಾಸ್ಕ್ ತೆಗೆದಾಗ ತುಟಿ ಒಡೆದು ಊದಿರುವುದು ಕಾಣಿಸಿತು. ನನ್ನ ದಿನಚರಿಯಲ್ಲಿ ದಿನವೂ ಹಾಲಿನ ಅಳತೆ, ಬಂದವರು, ಹೋದವರು ಎಂದು ಬರೆಯುತ್ತೇನೆ. ಅವತ್ತು ‘ಬಂದವರು: ಅಕ್ಕ’ ಎಂದಷ್ಟೇ ಬರೆದೆ.

ಭಾವ ಕಂಪನಿಯೊಂದರ ಬಸ್ ಓಡಿಸುತ್ತಿದ್ದ. ಕೆಲಸ ನಿಂತು ಮನೆಯಲ್ಲಿ ಕೂತಿದ್ದ. ಮೊದಲು ಭಾನುವಾರ ಏಳುತ್ತಿದ್ದ ಕೈ ಈಗ ದಿನವೂ ಏಳುತ್ತಿತ್ತು.

“ಇನ್ನ ಹೋಗಲ್ಲಮ್ಮ. ಇಲ್ಲೇ ಸಗಣಿ ಬಾಚ್ಕೊಂಡು ಇರ್ತೀನಿ,” ಅಂದಳು ಅಕ್ಕ.

“ಇರಮ್ಮ,” ಅಂದ ಅಪ್ಪ. ಅಮ್ಮ ತುಟಿಗೆ ಅರಿಶಿನ ಹಚ್ಚಿದಳು.

ಬುಧವಾರ ಅಕ್ಕನ ಅತ್ತೆ ಫೋನ್ ಮಾಡಿದಳು. “ಏನ್ ಬೀಗ್ರೇ, ಮಗಳನ್ನ ಕೂರಿಸ್ಕೊಂಡ್ಬಿಟ್ರಾ? ಇಲ್ಲಿ ಹುಳ ನಾಲ್ಕನೇ ಜ್ವರ ಎದ್ದವೆ. ಸೊಪ್ಪು ಕೊಯ್ಯೋಕೆ ಕೂಲಿಯೋರು ಬರ್ತಿಲ್ಲ. ನಿಮ್ಮ ಅಳಿಯಂಗೆ ಸ್ಟೇರಿಂಗ್ ಬಿಟ್ರೆ ಏನ್ ಗೊತ್ತು? ಬಾಯಿಲ್ಲದ ಜೀವ, ಹಸಿದು ಸಾಯ್ತವೆ.”

ರೇಷ್ಮೆ ಹುಳ ಕೊನೆಯ ಸಲ ಪೊರೆ ಕಳಚಲು ಮಲಗುವುದನ್ನು ನಾಲ್ಕನೇ ಜ್ವರ ಅನ್ನುತ್ತೇವೆ. ಅದರಿಂದ ಎದ್ದ ಹುಳಕ್ಕೆ ಗೂಡು ಕಟ್ಟುವವರೆಗೂ ಹೊತ್ತು ಹೊತ್ತಿಗೆ ಸೊಪ್ಪು ಹಾಕುತ್ತಲೇ ಇರಬೇಕು. ಅಪ್ಪ ಹುಳ ಮೇಯಿಸಿಯೇ ನಮ್ಮನ್ನು ಸಾಕಿದವನು. ಹಸಿದ ಹುಳ ಅಂದರೆ ಅವನಿಗೆ ಊಟ ಸೇರದು.

“ಈ ಬೆಳೆ ಒಂದು ಇಳಿಸ್ಕೊಟ್ಟು ಬಂದ್ಬಿಡಮ್ಮ,” ಅಂದ. “ಆಮೇಲೆ ನಾಲ್ಕು ಜನರನ್ನ ಕೂರ್ಸಿ ನ್ಯಾಯ ಮಾಡಣ. ಬೆಳೆ ಕೆಡಿಸಿದೋಳು ಅನ್ನಿಸ್ಕೊಂಡ್ರೆ ನಮ್ಮ ಮಾತು ಯಾರು ಕೇಳ್ತಾರೆ?”

“ಹುಳಕ್ಕಿಂತ ಅಕ್ಕ ಕಡೆನಾ?” ಅಂದೆ.

“ಸುಮ್ಕಿರೇ, ಡಿಗ್ರಿ ಓದಿರೋಳು ನೀನೊಬ್ಳೇ,” ಅಂದಳು ಅಮ್ಮ.

“ಬಿಡೇ,” ಅಂದಳು ಅಕ್ಕ. “ಅವೇನ್ ಮಾಡಿದ್ವು, ಪಾಪ.”

ಗುರುವಾರದ ವ್ಯಾನಿನಲ್ಲಿ ಹೊರಟುಹೋದಳು.

ಆ ಬೆಳೆಯ ಗೂಡು ಬಿಡಿಸುವ ಮೊದಲೇ ಅವರ ಮನೆಗೆ ಹೊಸ ಮರಿಹುಳ ಬಂತು. ಅಪ್ಪ ಫೋನಿನಲ್ಲಿ ಅಕ್ಕನಿಗೆ “ಇದೊಂದು ಆಗ್ಲಿ” ಅಂದ. ಮುಂದಿನ ಸಲವೂ ಅದನ್ನೇ ಅಂದ. ಹಿಪ್ಪುನೇರಳೆ ತೋಟವಿರುವ ಮನೆಯಲ್ಲಿ ಬೆಳೆ ಮುಗಿಯಿತು ಅನ್ನುವ ದಿನವೇ ಬರುವುದಿಲ್ಲ. ಅದು ಅಪ್ಪನಿಗೆ ಗೊತ್ತಿರಲಿಲ್ಲ ಎಂದಲ್ಲ.

ಬಸ್ಸು ಶುರುವಾದ ಮೇಲೆ ನಾನೇ ಹೋದೆ. ಭಾವ ಜಗಲಿಯಲ್ಲಿ ಮೊಬೈಲ್ ನೋಡುತ್ತಿದ್ದ. “ಬಾಮ್ಮ, ಕಾಫಿ ಕುಡಿ,” ಅಂದ ನಗುತ್ತಾ. ಅಕ್ಕ ಹುಳದ ಮನೆಯಲ್ಲಿದ್ದಳು. ಎಡಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು, ಬಲಗೈಯೊಂದರಲ್ಲೇ ಹುಳದ ತಟ್ಟೆಗಳಿಗೆ ಸೊಪ್ಪು ಹರಡುತ್ತಿದ್ದಳು.

“ನಡಿ ಅಕ್ಕಾ, ಹೋಗಣ. ಬಟ್ಟೆಬರೆ ಏನೂ ಬೇಡ.”

“ಒಳಗೆ ಬರ್ಬೇಡ ಕಣೇ. ಬಸ್ಸಲ್ಲಿ ಬಂದಿದ್ದೀಯ, ಹುಳಕ್ಕೆ ರೋಗ ತಗಲುತ್ತೆ.”

“ನಿನ್ನ ಕರ್ಕೊಂಡು ಹೋಗೋಕೇ ಬಂದಿರೋದು.”

ಸೊಳ್ಳೆಪರದೆಯ ಬಾಗಿಲಿನಾಚೆ ನಿಂತು ನನ್ನನ್ನೇ ನೋಡಿದಳು. “ಅಮ್ಮ ಕರ್ಕೊಂಡ್ ಬಾ ಅಂದ್ಲಾ?”

ನಾನು ಮನೆಯಿಂದ ಹೊರಡುವಾಗ ಅಮ್ಮ, “ನೋಡ್ಕೊಂಡ್ ಬಾ, ಅಷ್ಟೇ,” ಅಂದಿದ್ದಳು. ಅಕ್ಕ ಪಕ್ಕದ ತಟ್ಟೆಯ ಕಡೆ ತಿರುಗಿದಳು.