ಆಡು ತಿನ್ನದ ಗಿಡ

ಮಾಣಿಕಪ್ಪ ಕಾಕಾ ಯಾವ ಗಿಡ ನೆಡಬೇಕಾದರೂ ಮೊದಲು ಅದರ ಒಂದು ಟೊಂಗೆಯನ್ನು ಆಡಿನ ಮೂತಿಯ ಮುಂದೆ ಹಿಡಿಯುತ್ತಿದ್ದರು. ಆಡು ಬಾಯಿ ಹಾಕಿದರೆ ಗಿಡ ನಪಾಸು. ನಮ್ಮ ಕಾಲೊನಿಯ ಹಿಂದಿನ ಬಸ್ತಿಯ ಫಾತಿಮಾಬಿಯವರ ಬಿಳಿ ಆಡು ಈ ಪರೀಕ್ಷೆಗೆ ಖಾಯಂ ಪರೀಕ್ಷಕಿ. ಅರವತ್ತು ದಾಟಿದ ಮನುಷ್ಯ, ಹಳೆಯ ಖಾಕಿ ಪ್ಯಾಂಟು, ಮೇಲೊಂದು ಬನಿಯನ್, ದಾರಿಯ ಮೇಲೆ ಕುಕ್ಕರಗಾಲಲ್ಲಿ ಕೂತು, "ಖರೆ ಹೇಳವ್ವ, ರುಚಿ ಅದ ಇಲ್ಲ?" ಎಂದು ಆಡನ್ನು ಕೇಳುವುದನ್ನು ಮೊದಲ ಸಲ ನೋಡಿದಾಗ ನಾನು ಗೇಟಿನ ಹಿಂದೆ ನಿಂತು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದೆ. ಬೇವು ನಪಾಸು. ಬಸರಿ ನಪಾಸು. ನೆಲ್ಲಿಯಂತೂ ಎಲೆ ಬಿಡುವ ಮೊದಲೇ ನಪಾಸು. ಆಡು ಮುಟ್ಟದ ಸೊಪ್ಪಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ ಎಂದು ನಾನು ಛೇಡಿಸಿದರೆ, "ಹಿರ್ಯಾರು ಎಲ್ಲಾ ಗಿಡ ನೋಡ್ಯಾರೇನ್ರಿ ಟೀಚರಮ್ಮ? ಹುಡುಕೋಣು ತಡೀರಿ" ಎನ್ನುತ್ತಿದ್ದರು.

ನಾವಿದ್ದದ್ದು ಗಡಿಯಾಚೆಯ ತೆಲುಗು ಸೀಮೆಯ ತಾಂಡೂರಿನ ಅಂಚಿಗೆ, ತೊಗರಿ ಹೊಲವನ್ನು ಪ್ಲಾಟು ಮಾಡಿ ಎಬ್ಬಿಸಿದ ಕಾಲೊನಿಯಲ್ಲಿ. ಪ್ಲಾಟು ಹಾಕಿದವರು ಪಾರ್ಕಿಗೆಂದು ಒಂದು ಜಾಗ ಬಿಟ್ಟಿದ್ದರು. ಜಾಗ ಎಂದರೆ ಮುರಿದ ಫರಸಿ ಕಲ್ಲಿನ ಚೂರು, ಜಾಲಿ, ಮತ್ತು "ಇದು ಉದ್ಯಾನವನ" ಎಂದು ತೆಲುಗಿನಲ್ಲಿ ಬರೆದ ಒಂದು ಬೋರ್ಡು. ಅದರ ಆಚೆಗೆ ಸಾಲಾಗಿ ಕಲ್ಲು ಪಾಲಿಶ್ ಮಾಡುವ ಶೆಡ್ಡುಗಳು. ಗಾಳಿ ಪಡುವಣದಿಂದ ಬೀಸಿದರೆ ಬಿಳಿ ಧೂಳು ಬಂದು ಒಣಹಾಕಿದ ಬಟ್ಟೆಯ ಮೇಲೆ, ಹಪ್ಪಳದ ಮೇಲೆ, ದೇವರ ಜಗುಲಿಯ ಮೇಲೆ ಕೂರುತ್ತಿತ್ತು. ನಮಗೆಲ್ಲ ಅದು ಒರೆಸುವ ಕೆಲಸ ಅಷ್ಟೇ. ಕಾಕಾನಿಗೆ ಹಾಗಲ್ಲ. ಅವರ ಹೆಂಡತಿ ನಾಗಮ್ಮ ಕಾಕಿ ಹರೆಯದಲ್ಲಿ ಅಂಥದೇ ಶೆಡ್ಡುಗಳಲ್ಲಿ ಕೂಲಿ ಮಾಡಿದವರು, ಧೂಳು ಕುಡಿದು ದಮ್ಮು ಹಿಡಿಸಿಕೊಂಡವರು. ಚಳಿಗಾಲದಲ್ಲಿ ಅವರು ಮಂಚದ ಮೇಲೆ ಮುಂದಕ್ಕೆ ಬಾಗಿ ಕೂತು ಉಸಿರು ಎಳೆಯುವ ಸದ್ದು ಪಕ್ಕದ ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು. ಶೆಡ್ಡಿಗೂ ಮನೆಗೂ ನಡುವೆ ಒಂದು ಹಸಿರು ಗೋಡೆ ಎಬ್ಬಿಸಬೇಕು, ಧೂಳು ಅಲ್ಲೇ ನಿಲ್ಲಬೇಕು ಎಂಬುದು ಕಾಕಾನ ಹಟ.

"ಪಾರ್ಕ್ ಗೀರ್ಕ್ ಎಲ್ಲಾ ಆಮ್ಯಾಲ್ರಿ. ಮೊದಲ ಅಕಿ ಜರಾ ಉಸುರಾಡ್ಲಿ" ಎಂದು ಅವರು ನನಗೆ ನೇರವಾಗಿಯೇ ಹೇಳಿದ್ದರು.

ಬಸ್ಸಿನಲ್ಲಿ ಕಂಡಕ್ಟರಾಗಿ ಮೂವತ್ತು ವರ್ಷ ನಿಂತು ರಿಟೈರಾದವರು ಅವರು. ತಾಂಡೂರಿನಿಂದ ಜಹೀರಾಬಾದಿಗೆ, ಅಲ್ಲಿಂದ ನಾರಾಯಣಖೇಡಿಗೆ. ಟಿಕೇಟು ಹರಿಯುವುದು ಬಿಟ್ಟಿದ್ದರೂ ಕಂಡಕ್ಟರಿಕೆ ಬಿಟ್ಟಿರಲಿಲ್ಲ. ಮದುವೆಯ ಪಂಕ್ತಿಯಲ್ಲೂ "ಮುಂದ ಸರೀರಿ, ಮುಂದ ಖಾಲಿ ಅದ" ಎನ್ನುವರು. ಆಡಿನ ಪರೀಕ್ಷೆ ಶುರುವಾಗುವ ಮೊದಲು ನೆಟ್ಟ ಸಸಿಗಳಿಗೆಲ್ಲ ತಮ್ಮ ರೂಟಿನ ಸ್ಟಾಪುಗಳ ಹೆಸರಿಟ್ಟಿದ್ದರು. ಬೋರ್ಡಿನ ಹತ್ತಿರದ್ದು ತಾಂಡೂರು, ಕೊನೆಯದು ನಾರಾಯಣಖೇಡ್. ಬೆಳಗ್ಗೆ ನಾನು ಶಾಲೆಗೆ ಹೊರಟಾಗ ಕೊಡ ಹಿಡಿದು ಎದುರಾಗಿ, "ಜಹೀರಾಬಾದ್ ಬಾಡ್ಯಾದ್ರಿ ಟೀಚರಮ್ಮ, ನಾರಾಯಣಖೇಡ್ ನಿನ್ನೆ ಆಡಿನ ಹೊಟ್ಟಿಗಿ ಹೋತು" ಎಂದು ವರದಿ ಒಪ್ಪಿಸುತ್ತಿದ್ದರು. ಹೊಸಬರು ಕೇಳಿದರೆ ಗಾಬರಿಯಾಗಬೇಕು.

ಭಾನುವಾರ ಬಂತೆಂದರೆ ಊರೂರಿನ ಪಾರ್ಕು ನೋಡುವ ಹುಚ್ಚು. ಕೈಯಲ್ಲಿ ರಿಟೈರಾದವರ ಬಸ್ ಪಾಸು, ಚೀಲದಲ್ಲಿ ರೊಟ್ಟಿ, ಶೇಂಗಾ ಹಿಂಡಿ. ಒಮ್ಮೆ ನನ್ನನ್ನೂ ಕಾಕಿಯನ್ನೂ ಜಹೀರಾಬಾದಿಗೆ ಕರೆದುಕೊಂಡು ಹೋದರು. ಪಾರ್ಕು ಎಂದರೆ ಕಾರಂಜಿ, ಗುಲಾಬಿ ಎಂದು ನಾನು ಆಸೆಪಟ್ಟು ಹೊರಟಿದ್ದೆ. ಅವರು ತೋರಿಸಿದ್ದು ಒಂದರ ಹಿಂದೊಂದು ಕಾಲೊನಿ. ಒಂದು ಪಾರ್ಕಿನಲ್ಲಿ ಎಮ್ಮೆ ಕಟ್ಟಿದ್ದರು. ಇನ್ನೊಂದರಲ್ಲಿ ಜೋಕಾಲಿಯ ಕಂಬಕ್ಕೆ ಯಾರೋ ಸೀರೆ ಒಣಹಾಕಿದ್ದರು. ಕಾಕಾ ಅವೊಂದನ್ನೂ ನೋಡಲಿಲ್ಲ. ಎಲ್ಲಿ ಹೋದರೂ ನೆಲದಿಂದ ಮೊಣಕಾಲೆತ್ತರಕ್ಕೆ ಕಣ್ಣು. ಆಡು ಕಡಿದ ಗುರುತು ಎಲ್ಲಿದೆ, ಎಲ್ಲಿಲ್ಲ ಎನ್ನುವುದಷ್ಟೇ ಅವರಿಗೆ ಬೇಕಿತ್ತು.

ಮೂರನೆಯ ಪಾರ್ಕಿನ ಬೇಲಿಯ ಗುಂಟ ಅದು ಸಿಕ್ಕಿತು. ಒತ್ತೊತ್ತಾಗಿ ಬೆಳೆದ, ಕತ್ತರಿ ಆಡಿಸಿದ ದಟ್ಟ ಹಸಿರು. ಬುಡದಿಂದ ತುದಿಯವರೆಗೆ ಒಂದೆಲೆಗೂ ಹಲ್ಲು ತಾಗಿರಲಿಲ್ಲ, ಪಕ್ಕದಲ್ಲೇ ಆರೇಳು ಆಡು ಮೇಯುತ್ತಿದ್ದರೂ. ಕಾಕಾ ಬೇಲಿಯ ಮುಂದೆ ನಿಂತುಬಿಟ್ಟರು.

"ನಾಗಮ್ಮ, ಇಲ್ಲಿ ನೋಡು. ನಿನ್ನ ಗ್ವಾಡಿ ಸಿಕ್ತು."

ಕಾಕಿ ಬೆಂಚಿನ ಮೇಲೆ ಕೂತು ಸುಧಾರಿಸಿಕೊಳ್ಳುತ್ತ, "ಸಿಕ್ತಲ್ಲ? ಈಗರೆ ರೊಟ್ಟಿ ಬಿಚ್ರಿ, ಹಸದೀವಿ" ಎಂದರು.

ಅಂದು ಸಂಜೆಯೇ ಟೊಂಗೆ ಪರೀಕ್ಷಕಿಯ ಮುಂದೆ ಬಂತು. ಆಡು ಮೂಸಿತು, ಸೀನಿತು, ಮುಖ ತಿರುಗಿಸಿ ಫಾತಿಮಾಬಿಯವರ ಚಾಪೆಯನ್ನು ಅಗಿಯಹೋಯಿತು. ಕಾಕಾ ಓಣಿಯುದ್ದಕ್ಕೂ ತಮ್ಮ ಹಳೆಯ ಕಂಡಕ್ಟರ್ ಸೀಟಿ ಊದಿದರು. ನಂತರ ನೇರವಾಗಿ ನಮ್ಮ ಮನೆಗೆ ಬಂದರು. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಕಾಲೊನಿಗೆಲ್ಲ ಗಿಡ, ಹುಳು, ಜ್ವರ ಏನೇ ಇದ್ದರೂ ಕೊನೆಯ ಮಾತು ನನ್ನದು ಎಂದು ಅವರ ನಂಬಿಕೆ. ನಾನು ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ.

"ಟೀಚರಮ್ಮ, ಇದು ಛಲೋ ಗಿಡ ಅದ ಹೌದಿಲ್ರಿ? ಆಡಂತೂ ಪಾಸ್ ಮಾಡ್ಯಾದ. ನೀವು ಹೂಂ ಅಂದ್ರ ಹಚ್ತೀನಿ."

ನಾನು ತಲೆ ಎತ್ತಿ ಅರೆನಿಮಿಷ ನೋಡಿದೆನೋ ಇಲ್ಲವೋ. ಅದರ ಹೆಸರೂ ನನಗೆ ಗೊತ್ತಿರಲಿಲ್ಲ. "ಹಸರ ಇದ್ದದ್ದೆಲ್ಲಾ ಛಲೋನೇ ಕಾಕಾ, ಹಚ್ರಿ" ಎಂದೆ. ಎಂಟನೆಯ ತರಗತಿಯ ಹುಡುಗರು ಹಾಗೆ ಬರೆದಿದ್ದರೆ ನಾನೇ ಕೆಂಪು ಗೀಟು ಎಳೆದು ಸೊನ್ನೆ ಕೊಡುತ್ತಿದ್ದೆ.

ನರ್ಸರಿಯಲ್ಲಿ ಸಸಿ ಪುಗಸಟ್ಟೆ ಸಿಕ್ಕಿತು. ಕೋನೋಕಾರ್ಪಸ್ ಎಂದು ಚೀಟಿ ಅಂಟಿಸಿದ್ದರು. ಅರಬರ ಮರಳಿನಲ್ಲೂ ಇದು ಹಸಿರಾಗಿರುತ್ತದಂತೆ ಎಂದು ನರ್ಸರಿಯವ ಹೇಳಿದ್ದರಿಂದ ಕಾಲೊನಿಯ ಬಾಯಲ್ಲಿ ಅದು ದುಬೈ ಗಿಡವಾಯಿತು. ಹೊಸ ಸಸಿಗಳಿಗೂ ಅವೇ ಸ್ಟಾಪುಗಳ ಹೆಸರು; ಎರಡು ಬೇಸಿಗೆ ಕಾಕಾ ಕೊಡ ಹೊತ್ತರು. ನಮ್ಮ ಮನೆಯ ಪಾತ್ರೆ ತೊಳೆದ ನೀರನ್ನೂ ಬಿಡಲಿಲ್ಲ. ಮೂರನೆಯ ವರ್ಷಕ್ಕೆ ಶೆಡ್ಡುಗಳು ಕಾಣದಂತೆ ಹಸಿರು ಎದ್ದುನಿಂತಿತು. ಆ ಕಡೆಯ ಎಲೆಗಳೆಲ್ಲ ಬೆಳ್ಳಗೆ, ಈ ಕಡೆಯವು ಹಚ್ಚಗೆ. ಶೆಡ್ಡಿನವರಿಂದಲೇ ಒಡಕು ಫರಸಿ ಬೇಡಿ ತಂದು ಕಾಕಾ ಬೆಂಚು ಮಾಡಿದರು. ಹೆಂಗಸರು ಸಂಜೆ ವಾಕಿಂಗು ಶುರುಮಾಡಿದರು. ವಾಕಿಂಗಿಗಿಂತ ಮಾತು ಜಾಸ್ತಿ. ಕಾಕಿ ಸೊಂಟಕ್ಕೆ ಕೈಯಿಟ್ಟು ಒಂದು ಸುತ್ತು ಹಾಕಿ ಬಂದು, "ಇವತ್ತ ನಾರಾಯಣಖೇಡ್ ತನಕ ಹೋಗಿ ಬಂದೆ ನೋಡ್ರಿ" ಎಂದು ಹೇಳಿದ ದಿನ ಕಾಕಾ ಓಣಿಗೆಲ್ಲ ಮಂಡಾಳು, ಅಂದರೆ ಮಂಡಕ್ಕಿ, ಹಂಚಿದ್ದರು. ಆ ಒಂದು ಚಳಿಗಾಲ ಕಾಕಿಯ ಉಸಿರಿನ ಸದ್ದು ನಮ್ಮ ಅಡುಗೆಮನೆಗೆ ಕೇಳಿಸಲಿಲ್ಲ. ಗಿಡದಿಂದಲೋ, ಹೊಸ ಔಷಧಿಯಿಂದಲೋ, ನಾನು ಹೇಳಲಾರೆ. ಕಾಕಾನಿಗೆ ಅನುಮಾನವೇ ಇರಲಿಲ್ಲ.

ಮರುವರ್ಷ ದಮ್ಮು ತಿರುಗಿ ಬಂತು, ಮೊದಲಿಗಿಂತ ಜೋರಾಗಿ. ಗಿಡಗಳು ಹೂಬಿಟ್ಟಿದ್ದವು. ಅದೇ ಹೊತ್ತಿಗೆ ಎಲ್ಲರ ಫೋನಿಗೂ ಸುದ್ದಿ ಬರತೊಡಗಿತು: ಈ ಗಿಡದ ಹೂಪುಡಿ ದಮ್ಮು ತರುತ್ತದೆ, ಬೇರು ನೀರಿನ ಪೈಪು ಒಡೆಯುತ್ತದೆ, ಬೇರೆ ಬೇರೆ ಊರುಗಳಲ್ಲಿ ಕಡಿಯುತ್ತಿದ್ದಾರೆ ಎಂದು. ಕಾಲೊನಿಯವರು ಪಾರ್ಕಿನ ಬೆಂಚಿನ ಮೇಲೆಯೇ ಮೀಟಿಂಗು ಮಾಡಿದರು. ನೆರಳು ಅದೇ ಗಿಡದ್ದು. ಕಾಲೊನಿಯ ಅಧ್ಯಕ್ಷರಾಗಿದ್ದ ಬೇಳೆ ವ್ಯಾಪಾರಿಯೊಬ್ಬರು ಕಾಕಾನನ್ನು ನೋಡದೆ, "ಸಿಟ್ಟಾಗಬ್ಯಾಡ್ರಿ ಮಾಣಿಕಪ್ಪನವರ. ನಿಮ್ಮ ಮನ್ಯಾಗೇ ನೋಡ್ರಲ್ಲ, ಆ ತಾಯಿ ಎಷ್ಟು ಪರೇಶಾನ್ ಆಗ್ಯಾರ" ಎಂದರು.

ಕಾಕಾ ಎದ್ದು ನಿಂತರು. "ಒಂದು ಬಾಜೂದ ಕಡೀರಿ. ಇನ್ನೊಂದು ಬಾಜೂದು ಬಿಡ್ರಿ. ಒಂದು ಚಳಿಗಾಲ ನೋಡೋಣು. ಖರೆ ತಪ್ಪು ಗಿಡದ್ದೇ ಅಂದ್ರ ನಾನೇ ಕೊಡ್ಲಿ ಹಿಡೀತೀನಿ." ಆಮೇಲೆ ನನ್ನ ಕಡೆ ತಿರುಗಿದರು. "ಟೀಚರಮ್ಮ, ನೀವು ಹೇಳ್ರಿ. ನೀವು ಓದೀರಿ."

ಎಲ್ಲರೂ ನನ್ನನ್ನೇ ನೋಡಿದರು. ಹಿಂದಿನ ಒಂದು ವಾರ ನಾನು ಸಿಕ್ಕಿದ್ದನ್ನೆಲ್ಲ ಓದಿದ್ದೆ. ಹೌದು ಎನ್ನುವವರು ಇದ್ದರು, ಇಷ್ಟಕ್ಕೆಲ್ಲ ಹೆದರಬೇಡಿ ಎನ್ನುವವರೂ ಇದ್ದರು. ಕಾಕಿಯ ಎದೆಗೂಡಿನೊಳಗೆ ಇರುವುದು ಕಲ್ಲಿನ ಧೂಳೋ ಹೂವಿನ ಪುಡಿಯೋ ಎಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಬಿಡಿ ಎಂದು ನಾನು ಹೇಳಿ ಕಾಕಿಗೆ ಏನಾದರೂ ಆದರೆ? ಕಡಿಯಿರಿ ಎಂದರೆ ಈ ಮನುಷ್ಯನ ಮುಖ ಹೇಗೆ ನೋಡಲಿ? "ನನಗ... ಖಾತ್ರಿ ಹೇಳಾಕ ಬರಲ್ಲ ಕಾಕಾ" ಎಂದೆ. ಅಂದು ನಾನು ಆಡಿದ್ದು ನಿಜವನ್ನೇ, ಆದರೆ ಹೇಡಿಯ ಹಾಗೆ ಆಡಿದೆ. ಹೂಂ ಎನ್ನುವಾಗ ಇದ್ದ ಧೈರ್ಯ ಆಗ ಎಲ್ಲಿ ಹೋಗಿತ್ತೋ. ಕಾಕಾ "ಹಂಗಾರ ಆತು" ಎಂದು ಕೂತರು.

ಕಡಿಯಲು ಜೆಸಿಬಿ ಬಂದದ್ದು ಒಂದು ಬುಧವಾರ. ನಾನು ರಜೆ ಹಾಕಿ ಮನೆಯಲ್ಲಿದ್ದೆ, ಏನು ಮಾಡಲೆಂದು ನನಗೇ ಗೊತ್ತಿರಲಿಲ್ಲ. ನಾಲ್ಕು ವರ್ಷದ ಗೋಡೆ ಊಟದ ಹೊತ್ತಿಗೆ ಮಲಗಿತ್ತು. ಕಾಕಾ ಬೇಡ ಎನ್ನಲಿಲ್ಲ, ಅಡ್ಡ ನಿಲ್ಲಲಿಲ್ಲ. ಡ್ರೈವರಿಗೆ ಚಹಾ ತಂದುಕೊಟ್ಟರು. ಬೇರು ಕೀಳುವಾಗ ನಳದ ಪೈಪು ಎಲ್ಲಿದೆ ಎಂದು ತಾವೇ ತೋರಿಸಿದರು. ಅತ್ತದ್ದು ಕಾಕಿ. ಬಾಗಿಲ ಚೌಕಟ್ಟು ಹಿಡಿದು, ಉಸಿರಿಗೂ ಅಳುವಿಗೂ ಪಾಳಿ ಹಚ್ಚಿದವರ ಹಾಗೆ ಒಂದಾದ ಮೇಲೊಂದು ಎಳೆಯುತ್ತ, "ನನ್ನ ಸಲುವಾಗಿ ಹಚ್ಚಿದ್ರು, ನನ್ನ ಹೆಸರ ಹೇಳೇ ಕಡದ್ರು. ನಾ ಏನ್ ಪಾಪ ಮಾಡೀನ್ರಿ ಟೀಚರಮ್ಮ?" ಎಂದರು. ನಾನು ಅವರ ಬೆನ್ನು ಸವರಿದೆ.

ಗಿಡ ಹೋದರೆ ದಮ್ಮು ಹೋಗಬೇಕಿತ್ತು. ಹೋಗಲಿಲ್ಲ. ಮರುದಿನದಿಂದಲೇ ಬಿಳಿ ಧೂಳು ತಡೆಯಿಲ್ಲದೆ ಬರತೊಡಗಿತು. ದವಾಖಾನೆಯವರು ಹವಾ ಬದಲಿಸಿ ನೋಡಿ ಎಂದರು. ನಾರಾಯಣಖೇಡಿನಲ್ಲಿ ಕಾಕಿಯ ತಂಗಿಯ ಮನೆ ಇತ್ತು, ಕಲ್ಲಿನ ಕೆಲಸವಿಲ್ಲದ ಊರು, ಸುತ್ತ ಜೋಳದ ಹೊಲ. ತಂಗಿಯ ಮನೆಯ ಪಕ್ಕದಲ್ಲೇ ಒಂದು ಕೋಣೆ ಹಿಡಿದು ಇಬ್ಬರೂ ಹೋದರು. ಕಾಕಾ ಬಸ್ಸು ಹತ್ತುವಾಗ ಪಾರ್ಕಿನ ಕಡೆ ನೋಡಲಿಲ್ಲ ಎಂದು ಫಾತಿಮಾಬಿ ಹೇಳಿದರು. ನಾನು ಶಾಲೆಯಲ್ಲಿದ್ದೆ.

ಹೋದ ಬೇಸಿಗೆಯ ಆರಂಭದಲ್ಲಿ ನಾನು ನಾರಾಯಣಖೇಡಿಗೆ ಹೋದೆ. ಊರ ಹೊರಗಿನ ಹೊಸ ಬಡಾವಣೆ, ಬಿಸಿಲು ಸುಡುತ್ತಿತ್ತು. ಕೋಣೆಯ ಪಕ್ಕದಲ್ಲಿ ಒಂದು ದೊಡ್ಡ ಬೇವಿನ ಮರ ಮೈತುಂಬ ಹೂಬಿಟ್ಟು ನಿಂತಿತ್ತು. ಅದರ ವಾಸನೆಗೆ ದಾರಿಯ ದಣಿವೆಲ್ಲ ಇಳಿಯಿತು. ಒಳಗೆ ಹೋದರೆ ಕತ್ತಲು. ಇದ್ದೊಂದು ಕಿಟಕಿಯನ್ನು ಕಾಕಾ ಮುಚ್ಚಿದ್ದರು. ಬರೀ ಮುಚ್ಚಿರಲಿಲ್ಲ, ಸಂದಿಗಳಿಗೆಲ್ಲ ಒದ್ದೆ ಬಟ್ಟೆ ತುರುಕಿದ್ದರು. ಕಾಕಿ ಬೆವರಿನಲ್ಲಿ ತೊಯ್ದು ಮಂಚದ ಮೇಲೆ ಕೂತಿದ್ದರು. ಕಾಕಾ ರಟ್ಟಿನ ತುಂಡಿನಿಂದ ಗಾಳಿ ಬೀಸುತ್ತಿದ್ದರು.

"ಬೇವು ಹೂಬಿಟ್ಟದ್ರಿ" ಎಂದರು ಅವರು, ಮೆಲ್ಲಗೆ, ಪಕ್ಕದ ಮನೆಯಲ್ಲಿ ಕಳ್ಳ ಬಂದಿರುವನೆಂದು ಹೇಳುವವರ ಹಾಗೆ.

"ಬೇವು ಏನ್ ಮಾಡ್ತದ್ರಿ, ಶೀತಾಳ ಹವಾ" ಎಂದು ಕಾಕಿ ಗೊಣಗಿದರು. "ಸೆಕಿಗಿ ಜೀವ ಹೋಗಾಕತ್ತದ. ತೆಗೀರಂದ್ರ ಕೇಳವಲ್ಲರು. ನೀವರೆ ಹೇಳ್ರಿ ಟೀಚರಮ್ಮ."

ಕಾಕಾ ಬೀಸುವುದನ್ನು ನಿಲ್ಲಿಸಿದರು. ನಾನು ಕಿಟಕಿಯವರೆಗೆ ಹೋಗಿ ಚಿಲಕದ ಮೇಲೆ ಕೈಯಿಟ್ಟೆ. ಹೊರಗಿದ್ದದ್ದು ಬೇವು. ನಮ್ಮ ಕಡೆ ಯುಗಾದಿಗೆ ಅದೇ ಹೂವನ್ನು ತಿನ್ನುತ್ತೇವೆ, ಅಮ್ಮ ಎದ್ದವರ ಪಕ್ಕ ಅದೇ ಸೊಪ್ಪು ಹಾಸುತ್ತೇವೆ. ಆದರೂ ಕೈ ಚಿಲಕ ಎಳೆಯಲಿಲ್ಲ. ಕಾಕಾ ನನ್ನ ಬೆರಳುಗಳನ್ನೇ ನೋಡುತ್ತಿದ್ದರು. ನಾನು ಕೈ ತೆಗೆದು, ಅವರ ಕೈಯಿಂದ ರಟ್ಟು ಇಸಿದುಕೊಂಡು, ಬಸ್ಸಿನ ಹೊತ್ತಾಗುವ ತನಕ ಕಾಕಿಗೆ ಗಾಳಿ ಬೀಸಿದೆ. ಹೊರಡುವಾಗ ಕಾಕಾ ಬಸ್ ಸ್ಟ್ಯಾಂಡಿಗೆ ಬಂದು ನನಗೆ ಸೀಟು ಹಿಡಿದುಕೊಟ್ಟರು.

ಮಳೆಗಾಲದಲ್ಲಿ ಒಂದು ಬೆಳಗ್ಗೆ ಕಾಕಾ ಹಾಲು ತರಲು ಹೋದವರು ದಾರಿಯಲ್ಲೇ ಎದೆ ಹಿಡಿದುಕೊಂಡು ಕೂತರಂತೆ. ದವಾಖಾನೆ ಮುಟ್ಟಲಿಲ್ಲ. ಇಷ್ಟು ವರ್ಷ ಇನ್ನೊಬ್ಬರ ಉಸಿರು ಕಾದ ಮನುಷ್ಯ ತನ್ನದು ಹೀಗೆ ಹೋಗುತ್ತದೆಂದು ಯಾರಿಗೂ ಸುಳಿವು ಕೊಡಲಿಲ್ಲ. ನನಗೆ ಸಿಟ್ಟೇ ಬಂತು ಅವರ ಮೇಲೆ, ನಂತರ ನನ್ನ ಮೇಲೆ, ಕೊನೆಗೆ ಯಾರ ಮೇಲೆ ಎಂದು ತಿಳಿಯದೆ ಅತ್ತೆ.

ದಿನಕರ್ಮಗಳೆಲ್ಲ ಮುಗಿದ ಮೇಲೆ ಕಾಕಿಗೆ ಫೋನು ಮಾಡಿದೆ. ಆ ಕಡೆಯಿಂದ ಮೊದಲು ಉಸಿರಿನ ಸದ್ದು, ಆಮೇಲೆ ಮಾತು.

"ಈಗ ಹೆಂಗಿದ್ದೀರಿ ಕಾಕಿ?"

"ಹಂಗೇ ಅದೀನ್ರಿ. ದಮ್ಮು ಹೆಚ್ಚೂ ಇಲ್ಲ, ಕಡಿಮೀನೂ ಇಲ್ಲ." ಮತ್ತೊಂದು ಉಸಿರು ಎಳೆದುಕೊಂಡು ಹೇಳಿದರು: "ಕಿಟಕಿ ತೆಗದೇ ಅದ ಟೀಚರಮ್ಮ. ಮುಚ್ಚಾವ್ರೇ ಇಲ್ಲ."