ದೇವರ ಗೂಡಿಗೆ ಮುಚ್ಚಿದ ಬಿಳಿ ಕಾಗದ

ಶಕುನ, ಸೂಚನೆ ಎಂದು ಯಾರಾದರೂ ಶುರು ಮಾಡಿದರೆ ನಾನು ಮೆಲ್ಲನೆ ಎದ್ದು ಹೋಗುವವಳು. ಉಡುಪಿ ಕಡೆಯವಳು, ಭೂತದ ಕೋಲ ನೋಡಿಕೊಂಡೇ ಬೆಳೆದವಳು, ಆದರೂ ಅಷ್ಟೇ. ಹಾಗಾಗಿ ಇದನ್ನು ಬರೆಯಲು ನನಗೇ ಸಂಕೋಚ. ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ, ನಡೆದದ್ದನ್ನು ಹೇಳುತ್ತೇನೆ.

ಇದು ೨೦೦೬ರ ಮಾತು. ಮೆಲ್ಬರ್ನ್‌ನ ಡ್ಯಾಂಡಿನಾಂಗ್‌ನಲ್ಲಿ ಹಾನಾ ಆಂಟಿ ಎಂಬ ಜಪಾನಿ ವೃದ್ಧೆಯ ಮನೆಯಲ್ಲಿ ಒಂದು ಕೋಣೆ ರೆಂಟ್‌ಗೆ ಹಿಡಿದಿದ್ದೆ. ಆಸ್ಟ್ರೇಲಿಯಾದ ಸೈನಿಕನನ್ನು ಮದುವೆಯಾಗಿ ಬಂದವರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅಡುಗೆಮನೆಯ ಗೋಡೆಯಲ್ಲಿ, ಎತ್ತರಕ್ಕೆ, ಮರದ ಪುಟ್ಟ ದೇವರ ಗೂಡಿತ್ತು. ಒಳಗೆ ಮೂರ್ತಿಯಿಲ್ಲ. ಅವರ ಊರಿನ ಶಿಂಟೋ ಗುಡಿಯಿಂದ ತಂದ, ದೇವರ ಹೆಸರು ಬರೆದ ಮರದ ಪಟ್ಟಿ ಮಾತ್ರ. ಆ ಗುಡಿ ಜಪಾನಿನವರಿಗೇ ಅಷ್ಟಾಗಿ ಗೊತ್ತಿಲ್ಲವಂತೆ. ಒಂದಷ್ಟು ಮೀನುಗಾರರ ಮನೆಯವರು ದೋಣಿ ನೀರಿಗಿಳಿಸುವ ಮೊದಲು ಕೈಮುಗಿಯುವ ಜಾಗ.

ಆಂಟಿಗೆ ತೋಳು ಮೇಲೆತ್ತಲು ಆಗುತ್ತಿರಲಿಲ್ಲ. ಸ್ಟೂಲ್ ಹತ್ತಿ ದಿನಾ ಅಕ್ಕಿ, ಉಪ್ಪು, ನೀರು ಇಡುವ ಕೆಲಸ ನನ್ನದಾಗಿತ್ತು. ಮನೆಯವರು ಯಾರಾದರೂ ಸತ್ತರೆ ಗೂಡಿಗೆ ಬಿಳಿ ಕಾಗದ ಮುಚ್ಚಿ, ಐವತ್ತು ದಿನ ಏನೂ ಇಡಬಾರದು ಎಂದು ಒಮ್ಮೆ ಹೇಳಿಕೊಟ್ಟಿದ್ದರು. ನಮ್ಮ ಸೂತಕದಂತೆಯೇ ಎನಿಸಿ ನನಗೆ ಅವರು ಇನ್ನಷ್ಟು ಹತ್ತಿರವಾದರು.

ಆಗ ಊರಿನಲ್ಲಿ ಅಮ್ಮನಿಗೆ ಹುಷಾರಿರಲಿಲ್ಲ. ಒಮ್ಮೆ ನೋಡಿ ಬರಬೇಕೆಂದು ಜೀವ ಹೊಡೆದುಕೊಳ್ಳುತ್ತಿತ್ತು. ಆದರೆ ಪಿಆರ್, ಅಂದರೆ ಅಲ್ಲಿ ಕಾಯಂ ನೆಲೆಸುವ ಪರವಾನಗಿ, ಕೈಗೆ ಬರುವ ಮೊದಲು ದೇಶ ಬಿಟ್ಟರೆ ಎಲ್ಲ ನೀರಿನಲ್ಲಿ ಹೋಮ ಮಾಡಿದಂತೆ ಎಂದು ಕಂಡವರೆಲ್ಲ ಹೆದರಿಸಿದ್ದರು.

ಈಸ್ಟರ್ ರಜೆಯ ಸೋಮವಾರ ಬೆಳಿಗ್ಗೆ ನೀರಿಡಲು ಹೋದರೆ ಗೂಡಿಗೆ ಬಿಳಿ ಕಾಗದ ಮುಚ್ಚಿತ್ತು. ಜಪಾನಿನಲ್ಲಿದ್ದ ಆಂಟಿಯ ತಂಗಿ ತೀರಿಕೊಂಡಿರಬೇಕು, ತೋಳಿನ ನೋವು ಸಹಿಸಿ ಹೇಗೋ ತಾವೇ ಮುಚ್ಚಿದ್ದಾರೆ ಅಂದುಕೊಂಡೆ. ಕೇಳಲು ಬಾಯಿ ಬರಲಿಲ್ಲ, ಗಂಜಿ ಮಾಡಿಕೊಟ್ಟೆ. ಅಂದಿನಿಂದ ಅವರೂ ನನ್ನ ಬಟ್ಟೆ ಮಡಚಿಡತೊಡಗಿದರು, ಸಂಜೆ ಬಾಗಿಲಲ್ಲೇ ಕಾಯುತ್ತಿದ್ದರು. ಮನೆಗೆ ಫೋನ್ ಮಾಡಿದಾಗಲೆಲ್ಲ, ಅಮ್ಮನಿಗೆ ಗಂಟಲು ಕಟ್ಟಿದೆ, ಮಲಗಿದ್ದಾಳೆ ಎಂದು ಅಪ್ಪ ಹೇಳುತ್ತಿದ್ದರು. ಅವಳ ಸ್ವರ ಕೇಳದೆ ಏನೋ ಕಳೆದುಕೊಂಡವಳ ಹಾಗೆ ಓಡಾಡುತ್ತಿದ್ದೆ.

ನಲವತ್ತು ದಿನದ ಮೇಲೆ ಪಿಆರ್ ಬಂತು. ಆ ಶನಿವಾರವೇ ಸಿಡ್ನಿಯಿಂದ ದೊಡ್ಡಮ್ಮನ ಮಗ ಪ್ರಕಾಶಣ್ಣ ಬಂದ. ಪಾರ್ಟಿ ಕೇಳಲು ಬಂದೆಯಾ ಎಂದು ಛೇಡಿಸಿದೆ. ಅವನು ನಿಂತೇ ಹೇಳಿದ. ಅಮ್ಮ ಈಸ್ಟರ್ ಭಾನುವಾರದ ರಾತ್ರಿ ಹೋಗಿದ್ದಳು. ಮೆಲ್ಬರ್ನ್‌ನಲ್ಲಿ ಆಗ ಸೋಮವಾರದ ನಸುಕು.

"ಹೋಗೋ ಮುಂಚೆ ಚಿಕ್ಕಮ್ಮನೇ ಹೇಳಿದ್ದು," ಎಂದ. "ಪಿಆರ್ ಆಗುವವರೆಗೆ ಅವಳಿಗೆ ಯಾರೂ ಹೇಳ್ಬಾರ್ದು, ಎಲ್ಲ ಬಿಟ್ಟು ಓಡಿ ಬರ್ತಾಳೆ ಅಂತ."

ನಾನು ಬಿಕ್ಕುತ್ತಿದ್ದರೆ ಆಂಟಿ ಬೆನ್ನು ಸವರುತ್ತಿದ್ದರು. ಅಳು ನಿಂತ ಮೇಲೆ ತಮ್ಮ ನಿಧಾನದ ಇಂಗ್ಲಿಷಿನಲ್ಲಿ ಕೇಳಿದರು: "ನಿನಗೆ ಗೊತ್ತಿರಲಿಲ್ಲವೆ? ಕಾಗದ ಮುಚ್ಚಿದವಳು ನೀನಲ್ಲವೆ?"

ನೀವೇ ಮುಚ್ಚಿದ್ದು ಅಂದುಕೊಂಡಿದ್ದೆ ಎಂದೆ. ಅವರ ತಂಗಿ ಚೆನ್ನಾಗಿಯೇ ಇದ್ದಳು. ಆ ಮನೆಯಲ್ಲಿ ಇದ್ದದ್ದು ನಾವಿಬ್ಬರೇ.

ಆಂಟಿಯೇ ಹೇಗೋ ಮುಚ್ಚಿ ಮರೆತಿರಬಹುದೆ, ನಾನೇ ನಿದ್ದೆಗಣ್ಣಿನಲ್ಲಿ ಎದ್ದು ಮುಚ್ಚಿದೆನೆ ಎಂದೆಲ್ಲ ಯೋಚಿಸಿದ್ದೇನೆ. ಯಾವುದೂ ಹೊಂದಿಕೆಯಾಗುವುದಿಲ್ಲ. ನನಗೆ ತಿಳಿಸಬಾರದೆಂದು ಕಟ್ಟಪ್ಪಣೆ ಮಾಡಿದವಳು ಅಮ್ಮ. ಅಮ್ಮನ ಮಾತನ್ನು ಮೀರುವ ಧೈರ್ಯ ನಮ್ಮ ಮನೆಯಲ್ಲಿ ಅವಳೊಬ್ಬಳಿಗೇ ಇತ್ತು.